ಶಾವಿಗೆ ಕಾಯಲು ಇಬ್ಬರು ಗಂಗವ್ವ

ಕಳೆದ ಶನಿವಾರ ನಾನು ನಮ್ಮ ಮಾಳಿಗೆಯ ಮೇಲೆ ನಿಂತು ನಾಯಿಯಂತೆ ಬೊಗಳಿದೆ.

ನಗಬೇಡಿ. ಮನೆಯವರೇ ಹಚ್ಚಿದ ಕೆಲಸ. ಅಕ್ಕನ ಮದುವೆ ಹತ್ತಿರ ಬಂದಿದೆ. ಓಣಿಯ ಕೆಲವು ಹೆಂಗಸರು ಕೂಡಿ ನಮ್ಮ ಪಡಸಾಲೆಯಲ್ಲಿ ಶಾವಿಗೆ ಹೊಸೆದಿದ್ದರು. ಅದು ಮಾಳಿಗೆಯ ಮೇಲೆ ಕೋಲುಗಳಿಗೆ ಜೋತುಬಿದ್ದು ಒಣಗುತ್ತಿತ್ತು. ಬೀಗರ ಮುಂದೆ ನಮ್ಮ ಮರ್ಯಾದೆಯೆಲ್ಲ ಆ ಎಳೆಗಳಲ್ಲೇ ನೇತಾಡುತ್ತಿತ್ತು ಅನ್ನಿ.

ಎದುರಿನ ಹುಣಸೆ ಮರದ ತುಂಬ ಮಂಗಗಳು.

ಹಾನಗಲ್ಲಿನಲ್ಲಿ ನಮ್ಮ ಓಣಿ ಊರಿನ ಕೊನೆ. ಅದರಾಚೆ ಹೊಲ, ಹೊಲದಾಚೆ ಅಡವಿ. ಬೇಸಿಗೆಯಲ್ಲಿ ಅಡವಿ ಒಣಗಿದ ಕೂಡಲೇ ಕರಿಮೋರೆಯ ಮಂಗಗಳು ಸಂಸಾರ ಸಮೇತ ನಮ್ಮಲ್ಲಿ ಬೀಡುಬಿಡುತ್ತವೆ. ಸರಕಾರದ ಪಂಚವಾರ್ಷಿಕ ಯೋಜನೆ ನಮ್ಮ ಓಣಿಗಿನ್ನೂ ತಲುಪಿಲ್ಲ. ಮಂಗಗಳ ವಾರ್ಷಿಕ ಯೋಜನೆ ಮಾತ್ರ ಒಂದು ವರ್ಷವೂ ತಪ್ಪಿಲ್ಲ.

ಕಲ್ಲು ಒಗೆಯಬಾರದಿತ್ತೇ ಅಂತೀರಾ? ಅಲ್ಲೇ ಇದೆ ತೊಡಕು. ರವಿವಾರದಿಂದ ಶುಕ್ರವಾರದವರೆಗೆ ಅವು ಮಂಗ. ಶನಿವಾರ ಹನುಮಪ್ಪ. (ಅಂದು ಅವ್ವ ಗುಡಿಯ ಮುಂದೆ ಅವಕ್ಕೆ ಬಾಳೆಹಣ್ಣು ಕೊಟ್ಟು ಕೈಮುಗಿಯುತ್ತಾಳೆ. ಮರುದಿನ ಅದೇ ಕೈಯಲ್ಲಿ ಕಲ್ಲು.)

"ಇವತ್ತು ಕಲ್ಲು ಬ್ಯಾಡ, ಕೋಲೂ ಬ್ಯಾಡ," ಎಂದು ಅವ್ವ ಕೆಳಗಿನಿಂದ ಅಪ್ಪಣೆ ಮಾಡಿದಳು. "ಬಾಯಿಲೆ ಏನರ ಮಾಡು. ಹೆಂಗೂ ಊರ ಮಂದೀನೆಲ್ಲಾ ಅಣಕಸ್ತೀ. ಒಂದ್ ದಿನಾ ಮನಿಗೆ ಉಪಯೋಗ ಆಗ್ಲಿ."

ಅಣಕಿಸುವುದು ನನ್ನ ಹಳೆಯ ಚಟ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ನನ್ನ ಗಂಟಲಲ್ಲಿ ಬಿಡಾರ ಹೂಡುತ್ತದೆ. ಅದಕ್ಕೇ ನನ್ನನ್ನು ಯಾರೂ ಎರಡನೆಯ ಸಲ ಚಹಾಕ್ಕೆ ಕರೆಯುವುದಿಲ್ಲ.

ಮೊದಲು ನಾಯಿ. ಮಂಗಗಳು ಹುಡುಕಿದವು, ನಾಯಿ ಕಾಣಲಿಲ್ಲ, ನಾನು ಕಂಡೆ. ಇನ್ನಷ್ಟು ಹತ್ತಿರ ಬಂದವು. ಆಮೇಲೆ ಹುಲಿ. (ಹುಲಿಯ ದನಿಯನ್ನು ನಾನು ಕೇಳಿಲ್ಲ. ಅವು ಕೇಳಿದ್ದವು ಅಂತ ಕಾಣುತ್ತದೆ, ನಂಬಲಿಲ್ಲ.) ಕೊನೆಗೆ ನಮ್ಮ ಹಳೆಯ ಹೆಡ್‌ಮಾಸ್ತರರ ದನಿಯಲ್ಲಿ "ಸ್ಟ್ಯಾಂಡ್ ಅಪ್!" ಎಂದೆ. ಒಂದು ಮುದಿ ಮಂಗ ಮಾಳಿಗೆಗೆ ಹಾರಿ, ಆರಾಮಾಗಿ ಕುಳಿತು, ಒಂದು ಹಿಡಿ ಶಾವಿಗೆ ಎಳೆದುಕೊಂಡಿತು. ನಾವೂ ಅವರ ಕ್ಲಾಸಿನಲ್ಲಿ ಹೀಗೇ ಇದ್ದೆವು.

ಅಕ್ಕ ನಿಚ್ಚಣಿಕೆಯ ಮೇಲೆ ನಿಂತು ನೋಡುತ್ತಿದ್ದಳು. ಕಣ್ಣಲ್ಲಿ ನೀರು.

"ಗಂಗವ್ವ ಕಾಕು ಒಂದ್ ಸಲ ಒದರಿದ್ರ ಒಂದ್ ಮಂಗ್ಯಾರ ಉಳೀತಿತ್ತೇನು?"

ಗಂಗವ್ವ ಕಾಕು ಪಕ್ಕದ ಮನೆಯವಳು. ಅಕ್ಕನನ್ನು ಅರ್ಧ ಬೆಳೆಸಿದವಳು. ಶಾವಿಗೆ ಹೊಸೆದರೆ ಎಳೆ ಕೂದಲಿನಂತೆ ಇಳಿಯಬೇಕು. ಬಾಯಿ ಬಿಟ್ಟರೆ ಮಂಗಗಳು ಅಡವಿ ಸೇರಬೇಕು. ಆದರೆ ಹೋದ ಮಳೆಗಾಲದಿಂದ ಅವಳಿಗೂ ಅವ್ವನಿಗೂ ಮಾತಿಲ್ಲ. ಈಗ ಅವಳು ಬಾಯಿ ಬಿಡುವುದು ತನ್ನ ಹಂಚಿನ ಮಟ್ಟಿಗೆ ಮಾತ್ರ.

ಕಾರಣ? ನಮ್ಮ ಓಣಿಯಲ್ಲಿ ಮಂಗ ಓಡಿಸುವುದು ಅಂದರೆ ಪಕ್ಕದ ಮನೆಗೆ ಓಡಿಸುವುದು. ಅವ್ವ ಓಡಿಸಿದ ಮಂಗಗಳು ಕಾಕುವಿನ ಹಂಚು ಒಡೆದವು. ಮಳೆ ಬಂತು. ನೀರು ನೆಟ್ಟಗೆ ಕಾಕುವಿನ ಹಾಸಿಗೆಗೆ ಇಳಿಯಿತು. "ಬೇಕಂತಲೇ ಓಡಿಸೀದಿ" ಎಂದು ಅವಳು. "ಮಂಗ್ಯಾಗೋಳಿಗೆ ನಾ ದಾರಿ ತೋರಸೇನೇನು?" ಎಂದು ಇವಳು. ಮುಗಿಯಿತು. ಕಾಕು ಬಂದು ಅರಿಶಿಣ ಹಚ್ಚದಿದ್ದರೆ ತನ್ನದೆಂಥ ಮದುವೆ ಎಂದು ಅಕ್ಕ ಎಷ್ಟು ಹೇಳಿದರೂ ಅವ್ವನ ಕಿವಿಗೆ ಬೀಳಲಿಲ್ಲ.

ನನಗೆ ಬೇರೆ ದಾರಿ ಇರಲಿಲ್ಲ. ಟವೆಲನ್ನು ಸೆರಗಿನಂತೆ ತಲೆಗೆ ಹೊದ್ದೆ. ಸೊಂಟಕ್ಕೆ ಕೈ ಇಟ್ಟೆ. (ಕಲೆಯಲ್ಲಿ ಅರೆಬರೆ ಕೂಡದು.)

"ಬಂದ್ರೇನ್ರೋ ನನ್ನ ಸವತಿ ಮಕ್ಕಳ್ರಾ! ನಿಮ್ಮ ಬಾಲಕ್ಕ ಬೆಂಕಿ ಹತ್ಲಿ!"

"ಹನುಮಪ್ಪನ ವಾರ ಬಾಲಕ್ಕ ಬೆಂಕಿ ಅಂತೀಯಲ್ಲೋ ಪಾಪಿ!" ಕೆಳಗೆ ಅವ್ವ ಗಲ್ಲ ಗಲ್ಲ ಬಡಿದುಕೊಂಡಳು.

ಮಂಗಗಳು ಹಾರಿದವು. ಎಲ್ಲಿಗೆ? ಕಾಕುವಿನ ಹಂಚಿನ ಕಡೆಗೇ. ಅವು ಹಂಚು ಮುಟ್ಟುವ ಮೊದಲೇ ಆಚೆಯ ಅಂಗಳದಿಂದ ಅದೇ ಬೈಗುಳ, ಅದೇ ರಾಗ. ಅಸಲಿ ಗಂಗವ್ವ!

ಪಾಪ, ಮಂಗಗಳು ನಡುಗೋಡೆಯ ಮೇಲೆ ಸಾಲಾಗಿ ಕುಳಿತುಬಿಟ್ಟವು. ಆಚೆ ಗಂಗವ್ವ, ಈಚೆಯೂ ಗಂಗವ್ವ. ಹೋಗುವುದೆಲ್ಲಿಗೆ? ಅಂಥ ದಿಕ್ಕೆಟ್ಟ ಮುಖಗಳನ್ನು ನಾನು ನೋಡಿದ್ದು ಗಣಿತದ ಪರೀಕ್ಷೆಯ ಹಾಲ್‌ನಲ್ಲಿ ಮಾತ್ರ.

"ಯಾವನಲೇ ಅವಾ, ನನ್ನ ಗಂಟ್ಲಾ ಕದ್ದಾವ?"

ಕಾಕು ನಮ್ಮ ಅಂಗಳಕ್ಕೇ ಬಂದಳು. ನಮ್ಮ ನಿಚ್ಚಣಿಕೆಯನ್ನೇ ಹತ್ತಿದಳು. ಅಕ್ಕ ಸರಿದು ದಾರಿ ಬಿಟ್ಟಳು. ನಾನು ಏಟಿಗೆ ತಯಾರಾಗಿ ಕಣ್ಣು ಮುಚ್ಚಿದೆ.

"ನಾ ಹಿಂಗ ಒದರ್ತೇನೇನೋ, ಮಂಗ್ಯಾನಂಥಾವನ? ಕಿವಿ ಕೊಟ್ಟು ಕೇಳು."

ಕೂಗಿದಳು. ಮಂಗಗಳು ಬಿದ್ದೆದ್ದು ಓಡಿದವು. ನಾನೂ ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಕಲೆಯ ಬಗ್ಗೆ ನನಗಿದ್ದ ಜಂಬವೂ ಅವುಗಳ ಹಿಂದೆಯೇ ಹೋಯಿತು.

ಅಷ್ಟರಲ್ಲಿ ಅವಳ ಕಣ್ಣು ಶಾವಿಗೆಯ ಮೇಲೆ ಬಿತ್ತು. ಒಂದೆಳೆ ಎತ್ತಿ ಹಿಡಿದು ನೋಡಿದಳು.

"ಇದು ಶಾವಿಗ್ಯೋ, ಎತ್ತಿನ ಹಗ್ಗೋ? ನಮ್ಮ ಹುಡಿಗಿ ಲಗ್ನದಾಗ ಇದನ್ನ ಬಡಸ್ತೀರೇನು?"

ಅವ್ವನ ತಲೆ ನಿಚ್ಚಣಿಕೆಯ ತುದಿಯಲ್ಲಿ ಕಾಣಿಸಿತು. ಕಾಕುವಿನ ಮುಖ ನೋಡಲಾರದೆ ಶಾವಿಗೆಗೇ ಹೇಳಿದಳು: "ಹೊಸಿಯೋರು ಬರಲಿಲ್ಲ. ಬಂದೋರು ಹೊಸದ್ರು."

"ಕರದಿದ್ರ ಬರ್ತಿದ್ನಲ್ಲ?"

"ನಿನ್ನ ಕರ್ಯಾಕ ನೀ ಬೀಗತಿ ಏನು? ಮನ್ಯಾಕಿ ಅಲ್ಲೇನು?"

ಅಕ್ಕ ಓಡಿ ಬಂದು ಕಾಕುವನ್ನು ಅಪ್ಪಿಕೊಂಡಳು. "ಕಾಕೂ, ಅರಿಶಿಣ ನೀನ ಹಚ್ಚಬೇಕು ಮತ್ತ."

"ಮತ್ಯಾರು ಹಚ್ಚತಾರ? ಈ ಹಗ್ಗಾ ಹೊಸದೋರೇನು?" ಎಂದು ಕಾಕು ಸೆರಗಿನಿಂದ ಮೂಗು ಒರೆಸಿಕೊಂಡಳು. ಸಂಜೆಗೆ ಪಡಸಾಲೆಯಲ್ಲಿ ಹೊಸ ಹಿಟ್ಟು ನಾದಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆಂದವಿತ್ತು! ಮರುದಿನ ರವಿವಾರ. ಮಂಗಗಳು ಮತ್ತೆ ಬಂದವು. ಅವ್ವ ಮತ್ತು ಕಾಕು ಜೋಡಿಯಾಗಿ ಮಾಳಿಗೆ ಹತ್ತಿದರು. ಒಬ್ಬಳ ಕಲ್ಲು, ಒಬ್ಬಳ ಗಂಟಲು. ಮಂಗಗಳು ದಂಡು ಕಟ್ಟಿಕೊಂಡು ಮೂಲೆಮನೆಯ ರುದ್ರಪ್ಪನವರ ಹಂಚಿನ ಮೇಲೆ ಹಾರಿದವು. ಎಷ್ಟು ಒಡೆದವೋ ಗೊತ್ತಿಲ್ಲ. ರುದ್ರಪ್ಪನವರು ನಮ್ಮೊಡನೆ ಮಾತು ಬಿಟ್ಟಿದ್ದಾರಲ್ಲ, ಕೇಳುವುದು ಹೇಗೆ?

ನಿನ್ನೆ ಅಪ್ಪ ಲಗ್ನಪತ್ರಿಕೆ ತಂದು, ರುದ್ರಪ್ಪನವರದನ್ನು ನನ್ನ ಮುಂದಿಟ್ಟ. ಕೊಟ್ಟು ಬರಲು ಅವ್ವ ಒಲ್ಲೆ ಎಂದಳು. ಕಾಕುವೂ ಒಲ್ಲೆ ಎಂದಳು. ನನಗಂತೂ ಧೈರ್ಯವಿಲ್ಲ. ಈಗ ನಮ್ಮ ಓಣಿಯಲ್ಲಿ ಎಲ್ಲರ ಮನೆಗೂ ಮುಲಾಜಿಲ್ಲದೆ ಹೋಗಿಬರುವುದು ಮಂಗಗಳು ಮಾತ್ರ. ಪತ್ರಿಕೆಯನ್ನು ಅವುಗಳ ಕೈಯಲ್ಲೇ ಕಳಿಸಲೇ?