ವಲ್ಲಿಯ ಕೆಳಗಿನ ದರ

ಎಂ.ಎ. ಅರ್ಥಶಾಸ್ತ್ರಕ್ಕೆಂದು ನನ್ನನ್ನು ಧಾರವಾಡಕ್ಕೆ ಕಳಿಸುವ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಅವ್ವ, ಅಜ್ಜಿ ಮತ್ತು ಓಣಿಯ ಅರ್ಧ ಮಂದಿ ಒಂದು ಕಡೆ, ಅಪ್ಪ ಒಬ್ಬನೇ ಇನ್ನೊಂದು ಕಡೆ. ಗೆದ್ದವನು ಅಪ್ಪ. "ಬೈಲಹೊಂಗಲ ಪ್ಯಾಟ್ಯಾಗ ಕುಂತು ನಾ ಕಲತದ್ದಕ್ಕ ಒಂದು ಸರ್ಟಿಫಿಕೇಟ್ ಇಲ್ಲ. ಅದನ್ನ ನನ್ನ ಮಗಳು ತರಲಿ" ಎಂದ. ತೊಂಬತ್ತರ ದಶಕದ ನಡುವಿನ ಮಾತಿದು. ಇವತ್ತಿಗೂ ಆ ವಾಕ್ಯ ಮರೆತಿಲ್ಲ.

ಅಪ್ಪನದು ಹತ್ತಿಯ ದಲಾಲಿ ಅಂಗಡಿ. ಸುತ್ತಲಿನ ಹಳ್ಳಿಗಳ ರೈತರು ಹತ್ತಿ ತುಂಬಿದ ಅಂಡಿಗೆಗಳನ್ನು ತಂದು ಅಂಗಡಿಯ ಮುಂದೆ ಇಳಿಸುತ್ತಿದ್ದರು. ಖರೀದಿದಾರರು ಬಂದು ಹತ್ತಿ ಹಿಂಜಿ ನೋಡಿ ಅಪ್ಪನ ಮುಂದೆ ನಿಲ್ಲುತ್ತಿದ್ದರು. ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ತನ್ನ ಕೈಮೇಲೂ ಖರೀದಿದಾರನ ಕೈಮೇಲೂ ಹಾಸುತ್ತಿದ್ದ. ದರ ಬಾಯಲ್ಲಿ ಬರುತ್ತಿರಲಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು, ಬೆರಳು ಮಡಿಸಿ, ಒಬ್ಬೊಬ್ಬರಾಗಿ ತಮ್ಮ ದರ ಹೇಳಿ ಹೋಗುತ್ತಿದ್ದರು. ಕೊನೆಗೆ ಅಪ್ಪ ಎಲ್ಲಕ್ಕಿಂತ ಹೆಚ್ಚಿನ ದರವನ್ನು ಗಟ್ಟಿಯಾಗಿ ಕೂಗಿದರೆ ಮಾಲು ಆ ದರ ಹೇಳಿದವನದು. ಎರಡು ಹೆಜ್ಜೆ ದೂರದಲ್ಲಿ ನಿಂತ ರೈತನಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ನಾನು ಸಣ್ಣವಳಿದ್ದಾಗ ಅಪ್ಪ ಇದನ್ನೇ ಆಟವಾಗಿ ಕಲಿಸಿದ್ದ. ಉಳಿದ ಮಕ್ಕಳು ಮಗ್ಗಿ ಹೇಳುವ ವಯಸ್ಸಿನಲ್ಲಿ ನಾನು ಬೆರಳಲ್ಲಿ ಹತ್ತಿಯ ದರ ಹೇಳುತ್ತಿದ್ದೆ.

ಹಾಗಾಗಿ ವಿಶ್ವವಿದ್ಯಾಲಯದ ಮೊದಲ ತಿಂಗಳಲ್ಲಿ ಪ್ರಾಧ್ಯಾಪಕರು ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಪೂರ್ಣ ಪೈಪೋಟಿಯ ಮಾರುಕಟ್ಟೆಯಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಎಲ್ಲವೂ ತಿಳಿದಿರುತ್ತದೆ ಎಂದಾಗ ನಾನು ನಕ್ಕೆ. ಅವರು ಸಿಟ್ಟಾಗಲಿಲ್ಲ. "ನಗು ಬಂದದ್ದು ಯಾಕಂತ ಇಪ್ಪತ್ತು ಪುಟ ಬರದು ತರ್ರಿ" ಎಂದರು. ಸೆಮಿನಾರಿಗೆ ನನ್ನ ವಿಷಯ ನಿಗದಿಯಾದದ್ದು ಹೀಗೆ. ಇಡೀ ತರಗತಿ ತಿರುಗಿ ನೋಡಿತು, ನಾನು ಉಬ್ಬಿಹೋದೆ. ಅಲ್ಲಿಂದಲೇ ಎಲ್ಲ ಕೆಡುತ್ತ ಬಂತು.

ದೀಪಾವಳಿ ಸೂಟಿಗೆ ಮನೆಗೆ ಬಂದವಳು ನೋಟುಬುಕ್ಕು ಹಿಡಿದು ಅಂಗಡಿಗೆ ಹೋದೆ. ಅಪ್ಪನಿಗೆ ಖುಷಿಯೋ ಖುಷಿ. ಮಗಳ ಅಭ್ಯಾಸಕ್ಕೆಂದು ಯಾರಿಗೂ ಹೇಳದ್ದನ್ನೆಲ್ಲ ಹೇಳಿದ. ಕಿರುಬೆರಳಿನ ಉಗುರು ಒತ್ತುವ ಗುರುತನ್ನು ಅವನು ಆಟದಲ್ಲಿ ಎಂದೂ ಕಲಿಸಿರಲಿಲ್ಲ. ಅದನ್ನೂ ಆಗ ಹೇಳಿದ. ಒಬ್ಬ ಮಿಲ್ಲಿನ ಮಾಲೀಕ ತನ್ನ ದರ ಹೇಳಿ ಉಗುರು ಒತ್ತಿದನೆಂದರೆ, ಕೂಗುವಾಗ ಅದಕ್ಕಿಂತ ಒಂದಿಷ್ಟು ಕಡಿಮೆ ಕೂಗಬೇಕು. ನಡುವೆ ಉಳಿದ ಹಣವನ್ನು ಆಮೇಲೆ ಆ ಮಾಲೀಕನೂ ಅಪ್ಪನೂ ಹಂಚಿಕೊಳ್ಳುವುದು.

"ರೈತರು ಕೇಳೂದಿಲ್ಲೇನು?" ಎಂದೆ.

"ಎಲ್ಲಾರ ಮಾಲಿಗೂ ಹಂಗ ಮಾಡಾಕ ಬರೂದಿಲ್ಲವಾ. ಕೇಳದವರದಕ್ಕ ಅಷ್ಟ." ಅಪ್ಪ ಹತ್ತಿರದ ಚಚಡಿ ಹಳ್ಳಿಯ ಒಬ್ಬ ರೈತನ ಹೆಸರು ಹೇಳಿದ. "ಆತ ದೇವರಂಥಾ ಮನಷ್ಯಾ. ಎಷ್ಟು ಕೂಗಿದ್ರೂ ಹೂಂ ಅಂತಾನ."

ಪೆನ್ನು ನಿಂತಿತು. ಆ ರೈತನ ಮಗ ನನ್ನ ತರಗತಿಯಲ್ಲೇ ಓದುತ್ತಿದ್ದ. ಊರಿಂದ ಬರುವಾಗ ಅವನ ತಾಯಿ ಕಟ್ಟಿಕೊಡುತ್ತಿದ್ದ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನಲ್ಲಿ ನನಗೂ ಪಾಲಿರುತ್ತಿತ್ತು. ಅಪ್ಪನಿಗೂ ಇದು ಗೊತ್ತಿತ್ತು. ಆದರೂ ಸಹಜವಾಗಿ ಹೇಳಿದ, ಎಲ್ಲರೂ ಮಾಡುವುದೇ ಎಂಬಂತೆ. ನನಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಬೇರೆ. ಇಂಥ ವಿಷಯ ಇನ್ನೊಬ್ಬರ ಪ್ರಬಂಧದಲ್ಲಿ ಇರಲಾರದು ಎಂಬ ಖುಷಿ. ಅದನ್ನು ಇಂದಿಗೂ ನನಗೆ ಕ್ಷಮಿಸಲಾಗಿಲ್ಲ.

ಬರೆದೆ. ಊರಿನ ಹೆಸರು ಇತ್ತು, ಅಂಗಡಿಯ ಹೆಸರು ಇರಲಿಲ್ಲ. 'ಒಬ್ಬ ದಲಾಲ', 'ಒಬ್ಬ ರೈತ' ಎಂದು ಹಾಕಿ ಭಾರೀ ಶಾಣ್ಯಾತನ ಮಾಡಿದೆ ಅಂದುಕೊಂಡೆ.

ಸಂಕ್ರಾಂತಿಯಾದ ಮೇಲೆ ಸೆಮಿನಾರು. ನಾನು ಓದುತ್ತ ಹೋದೆ. ಚಚಡಿಯ ಹುಡುಗ ಎರಡನೆಯ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಓದಿ ಮುಗಿಸಿದಾಗ ಪ್ರಾಧ್ಯಾಪಕರು, "ಇಷ್ಟು ಒಳಗಿನ ಗುಟ್ಟು ನಿಮಗ ಹೆಂಗ ಸಿಕ್ತು? ಇದಕ್ಕ ಆಧಾರ ಏನು?" ಎಂದು ಕೇಳಿದರು. ಕಟ್ಟುಕಥೆ ಅಂದುಕೊಂಡರಲ್ಲ ಎಂದು ನನಗೆ ಉರಿದುಹೋಯಿತು. ಪಕ್ಕದ ಗೆಳತಿಯ ಕೈಯನ್ನು ನನ್ನ ಸೆರಗಿನ ಕೆಳಗೆ ಹಿಡಿದು ಬೆರಳು ಮಡಿಸಿ ತೋರಿಸಿ, "ನಮ್ಮಪ್ಪನ ಕಲಿಸ್ಯಾನ್ರಿ ಸರ್" ಎಂದೆ.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಸುಮ್ಮನೆ ಅಲ್ಲ. ಎರಡನೆಯ ಸಾಲಿನಲ್ಲಿ ಪೆನ್ನು ನಿಂತಿತ್ತು. ತನ್ನಪ್ಪ ಹತ್ತಿ ಇಳಿಸುವುದು ನನ್ನಪ್ಪನ ಅಂಗಡಿಯಲ್ಲೇ ಎಂದು ಅವನಿಗೆ ಗೊತ್ತಿತ್ತು. ಹುಡುಗ ನನ್ನತ್ತ ನೋಡಲಿಲ್ಲ, ತಾನು ಬರೆದುಕೊಂಡದ್ದನ್ನೇ ನೋಡುತ್ತ ಕೂತಿದ್ದ. ಆ ಶನಿವಾರ ಅವನು ಊರಿಗೆ ಹೋದ. ಸೋಮವಾರ ಬಂದಾಗ ರೊಟ್ಟಿಯ ಗಂಟು ಇರಲಿಲ್ಲ. ನನ್ನನ್ನು ಅವನು ಬೈಯಲೂ ಇಲ್ಲ, ಮಾತನಾಡಿಸಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡು ವಾರ ಊರಿಂದ ಸುದ್ದಿಯಿಲ್ಲ. ಹಾಸ್ಟೆಲಿನ ಫೋನು ರಿಂಗಾದಾಗಲೆಲ್ಲ ನನ್ನನ್ನೇ ಕರೆಯುತ್ತಾರೆಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಯಾರೂ ಕರೆಯಲಿಲ್ಲ. ಕೊನೆಗೆ ತಡೆಯಲಾರದೆ ನಾನೇ ಬಸ್ಸು ಹತ್ತಿದೆ.

ಹತ್ತಿಯ ಸುಗ್ಗಿ ಜೋರಾಗಿತ್ತು. ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ನಮ್ಮ ಅಂಗಡಿಯ ಮುಂದೆ ನೆಲ ಕಾಣುತ್ತಿತ್ತು. ಪ್ರತಿ ವರ್ಷ ಚಚಡಿಯ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಲ್ಲುತ್ತಿದ್ದ ಜಾಗವದು. ಆ ರೈತ ಎಲ್ಲಿ ಹತ್ತಿ ಇಳಿಸುತ್ತಿದ್ದನೋ ಅಲ್ಲೇ ಅವನ ಊರಿನವರು ಇಳಿಸುವುದು ವಾಡಿಕೆ. ಅವನು ಬಂದಿರಲಿಲ್ಲ, ಹೀಗಾಗಿ ಯಾರೂ ಬಂದಿರಲಿಲ್ಲ. ಮುರಗೋಡದ ಕಡೆಯವರೂ ಆಗಲೇ ಬೇರೆ ಅಂಗಡಿಯ ಮುಂದೆ ನಿಂತಿದ್ದರು. ಅಪ್ಪ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಗಾದಿಯ ಮೇಲೆ ಕೂತಿದ್ದ.

"ಪ್ರಬಂಧಕ್ಕ ಮಾರ್ಕ್ಸ್ ಚಲೋ ಬಂದ್ವೇನವಾ?" ಎಂದು ಕೇಳಿದ.

ಅವನಿಗೆ ಎಲ್ಲ ಗೊತ್ತಾಗಿದೆ ಎಂದು ತಿಳಿಯಿತು. "ಬಂದಾವು" ಎಂದೆ. ಅವನು ತಲೆಯಾಡಿಸಿದ. ಅವ್ವ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: "ಉಣವಲ್ಲ, ಮಲಗವಲ್ಲ. ಚಚಡಿಯಾಂವ ನನ್ನ ಕಳ್ಳ ಅಂದಕೊಂಡಿರತಾನ, ಕಳ್ಳ ಅಂದಕೊಂಡಿರತಾನ ಅಂತ ಒಂದ ಸವನ ಅದನ್ನ ಅಂತಾನ."

ಮರುದಿನ ಮುಂಜಾನೆ ಅಪ್ಪ ಅಂಗಡಿಗೆ ಹೋದಮೇಲೆ ಚಚಡಿಯ ರೈತ ನಮ್ಮ ಮನೆಗೇ ಬಂದ. ಬಾಗಿಲು ತೆಗೆದವಳು ನಾನೇ.

"ಒಳಗ ಬರ್ರಿ ಕಾಕಾರ."

"ಇಲ್ಲೇ ಕುಂದ್ರತೇನಿ ತಂಗಿ. ನಿನ್ನ ಜೋಡಿನ ಮಾತಾಡಾಕ ಬಂದೇನಿ." ಕಟ್ಟೆಯ ಮೇಲೆ ಕೂತ. "ನೀ ಬರದದ್ದು ಖರೇನ ಐತಿ. ನನಗೂ ಗೊತ್ತಿತ್ತು."

ನನಗೆ ತಿಳಿಯಲಿಲ್ಲ. "ಏನು ಗೊತ್ತಿತ್ರಿ?"

"ದರ ಕಡಿಮಿ ಕೂಗತಾನಂತ. ಮೊದಲನೇ ವರ್ಷದಿಂದನೂ ಗೊತ್ತಿತ್ತು. ಬಾಜೂ ಅಂಗಡ್ಯಾಗ ಏನು ದರ ಆತು ಅಂತ ಕೇಳಾಕ ನನಗೇನು ಬಾಯಿ ಇರಲಿಲ್ಲೇನು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಹೆಂಡತಿಗೆ ಹೆರಿಗಿ ಬ್ಯಾನಿ ಎದ್ದು ಚಕ್ಕಡ್ಯಾಗ ಹಾಕ್ಕೊಂಡು ದವಾಖಾನಿಗೆ ಬಂದಾಗ ಅಲ್ಲೀತನಾ ತಡಿಯಾಕ ಆಗಲಿಲ್ಲ. ಈ ಮನಿ ಬಾಗಲಾ ತಗದಾಂವ ನಿಮ್ಮಪ್ಪ. ಈ ಪಡಸಾಲ್ಯಾಗ ಹುಟ್ಟಿದ ಹುಡುಗನ ಈಗ ನಿನ್ನ ಕ್ಲಾಸಿನ್ಯಾಗ ಕುಂತಾನ. ವರ್ಷಕ್ಕ ಒಂದಿಷ್ಟು ಕಡಿಮಿ ಬಂದ್ರ ಬರಲಿ, ಅಂತ ಸುಮ್ಮನಿದ್ದೆ."

"ಹಂಗಾದ್ರ ಈಗೂ ಬರ್ರಿ ಕಾಕಾರ."

"ಈಗ ಹೆಂಗ ಬರಲಿ? ಹುಡುಗ ಊರ ಅಗಸಿ ಬಾಗಲದಾಗ ನಿಂತು ಎಲ್ಲಾರಿಗೂ ಹೇಳ್ಯಾನ. ನನಗೊಬ್ಬಗ ಗೊತ್ತಿದ್ದಾಗ ಅದು ನನ್ನ ಮಾತಾಗಿತ್ತು. ಈಗ ನನ್ನ ಬೆನ್ನ ಹಿಂದ ಬರವರು ಕೇಳತಾರ. ಅವರ ಹತ್ತೀನೂ ನಾ ಅಲ್ಲೇ ಇಳಸಂದ್ರ ನಾನೂ ಅದರಾಗ ಪಾಲುದಾರ ಅಂತಾರ." ಎದ್ದು ನಿಂತ. "ಒಂದ ಮಾತು ನಡಸಿಕೊಡು. ನನಗ ಗೊತ್ತಿತ್ತು ಅನ್ನೂದು ನಿಮ್ಮಪ್ಪಗ ತಿಳೀಬಾರದು."

ಹೂಂ ಅಂದೆ. ಮನಃಪೂರ್ವಕವಾಗಿಯೇ ಅಂದೆ.

ಮಧ್ಯಾಹ್ನ ಅಪ್ಪ ಬಂದು ತಾಟಿನ ಮುಂದೆ ಕೂತ. ರೊಟ್ಟಿ ಮುರಿದು ಹಾಗೇ ಇಟ್ಟ. ಮೋರೆ ಸುಟ್ಟ ಬದನೆಕಾಯಿಯ ಹಾಗಾಗಿತ್ತು. ನನಗೆ ತಡೆಯಲಾಗಲಿಲ್ಲ. ಆ ಮನುಷ್ಯ ಇವನನ್ನು ಎಂದೋ ಕ್ಷಮಿಸಿದ್ದಾನೆ, ಅದನ್ನು ಕೇಳಿದರೆ ನಾಲ್ಕು ತುತ್ತು ಉಂಡಾನು ಎಂದುಕೊಂಡೆ. ದೇವರಾಣೆ, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

"ಅಪ್ಪಾ, ಚಚಡಿ ಕಾಕಾರು ಬಂದಿದ್ರು. ಅವರಿಗೆ ನಿನ್ನ ಮ್ಯಾಲೆ ಸಿಟ್ಟಿಲ್ಲ. ಅವರಿಗೆ ಮೊದಲಿಂದನೂ ಗೊತ್ತಿತ್ತಂತ."

ಅಪ್ಪನ ಕೈ ತಾಟಿನ ಮೇಲೆ ನಿಂತಿತು. "ಏನು ಗೊತ್ತಿತ್ತಂತ?"

"ದರದ್ದು."

"ಯಾವಾಗಿಂದ?"

"ಮೊದಲನೇ ವರ್ಷದಿಂದ."

ಕಳ್ಳ ಅನ್ನಿಸಿಕೊಳ್ಳುವ ಭಯದಲ್ಲೂ ಅಪ್ಪನ ಬೆನ್ನು ನೆಟ್ಟಗಿತ್ತು. ಈಗ ಅದು ಬಾಗಿದ್ದನ್ನು ನಾನು ಕಣ್ಣಾರೆ ಕಂಡೆ.

"ಪ್ರತಿ ವರ್ಷ ಮಾಲು ಮಾರಿದ ಮ್ಯಾಲೆ ನನ್ನ ಬಾಜೂಕ ಕುಂತು ಚಾ ಕುಡದು ಹೋಗತಿದ್ದ" ಎಂದ. "ಬರತೇನ್ರಿ ಸಾವಕಾರ್ರ ಅಂತ ನನಗ ಕೈ ಮುಗದು ಹೋಗತಿದ್ದ."

ಆಮೇಲೆ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದ. ಮರುದಿನ ಅಂಗಡಿಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ.