ಅಡುಗೆಮನೆ ಕಿಟಕಿಯಲ್ಲೊಂದು ಪಟಿಕದ ಹರಳು

ಬೆಳಗಿನ ಆರೂವರೆ. ಕಡಬದ ಹತ್ತಿರದ ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ಸರ್ವಮಂಗಳ ಉಪ್ಪಿಟ್ಟು ತಿರುವುತ್ತಿದ್ದಾರೆ. ಕಣ್ಣು ಮಾತ್ರ ಬಾಣಲೆಯ ಮೇಲಿಲ್ಲ, ಕಿಟಕಿಯಲ್ಲಿ ಬಟ್ಟೆ ಹೊದ್ದು ಕೂತ ಗಾಜಿನ ಬಾಟಲಿಯ ಮೇಲಿದೆ. ಏಳು ದಿನದಿಂದ ಅದನ್ನು ಯಾರೂ ಮುಟ್ಟಿಲ್ಲ. ಎಂಟರ ಬಸ್ಸಿಗೆ ಅದು ಮಕ್ಕಳ ಜೊತೆ ತುಮಕೂರಿನ ವಿಜ್ಞಾನ ಪ್ರದರ್ಶನಕ್ಕೆ ಹೊರಡಬೇಕು. ಒಳಗಿನ ಹರಳು ಬೆಳೆದಿದೆಯೋ ಕರಗಿದೆಯೋ, ಯಾರಿಗೂ ಗೊತ್ತಿಲ್ಲ.

“ಎದೆ ಡವಡವ ಅಂತೈತೆ ಸಾರ್. ಹೋದ್ವರ್ಷದ್ದೇ ಇನ್ನೂ ಮರ್ತಿಲ್ಲ,” ಎಂದು ವರದಿಗೆಂದು ಬಂದ ನನಗೆ ಹೇಳುತ್ತಾರೆ.

ದಿನವೂ ಎಂಬತ್ತಾರು ಮಕ್ಕಳಿಗೆ ಬಿಸಿಯೂಟ ಬೇಯಿಸುವ ಇವರಿಗೆ ಈ ಹುಚ್ಚು ಹಿಡಿಸಿದವರು ವಿಜ್ಞಾನದ ಮೇಷ್ಟ್ರು ಸದಾಶಿವಯ್ಯ. ಕುಣಿಗಲ್‌ಗೆ ವರ್ಗವಾದಾಗ, ಪಾಕ ಬಲ್ಲವರಿಗೆ ಇದೇನು ಮಹಾ ಎಂದು ಪಟಿಕದ ಪೊಟ್ಟಣವನ್ನು ಇವರ ಕೈಗಿತ್ತು ಹೋದರು. ಅಡುಗೆಗೆ ಬಳಸದ ಪಾತ್ರೆಯಲ್ಲಿ ಬಿಸಿನೀರಿಗೆ ಕರಗುವಷ್ಟೂ ಪಟಿಕ ಹಾಕಿ, ಸೋಸಿ, ಆರಲು ಬಿಡಬೇಕು. ಪುಟ್ಟ ಹರಳೊಂದನ್ನು ದಾರಕ್ಕೆ ಕಟ್ಟಿ ಅದರಲ್ಲಿ ಇಳಿಬಿಟ್ಟು, ಅಲುಗಾಡಿಸದೆ ಇಡಬೇಕು.

“ಅದು ಬಿತ್ನೆ ಬೀಜ ಇದ್ದಂಗೆ. ನೀರು ಬಿಸಿ ಇದ್ರೆ ಕರಗೋಯ್ತದೆ. ತಾಳ್ಮೆ ಇರ್ಬೇಕು, ಅಷ್ಟೇಯ.”

ಕಳೆದ ವರ್ಷ ಕೈಗೆ ಸಿಕ್ಕ ಕರಿದಾರವನ್ನೇ ಕಟ್ಟಿ, ಅಲುಗಾಡದ ಜಾಗ ಬೇಕೆಂದು ಬಾಟಲಿಯನ್ನು ಆರನೇ ತರಗತಿಯ ಸಂಧ್ಯಾಳ ಮನೆಗೆ ಕಳಿಸಿದ್ದರು. ಮಂಚದಡಿ ಕರಿದಾರಕ್ಕೆ ನೇತಾಡುವ ಪಟಿಕ ಕಂಡ ಅವಳ ಅಜ್ಜಿ ಲಕ್ಷ್ಮೀದೇವಮ್ಮ, ಮಾಟವೆಂದು ಬೆಚ್ಚಿ ತಿಪ್ಪೆಗೆಸೆದರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅಡುಗೆಯವಳೇ ಮಾಟ ಮಾಡುತ್ತಾಳೆಂದು ಗುಲ್ಲೆದ್ದು, ನಾಲ್ಕು ದಿನ ಅರ್ಧಕ್ಕರ್ಧ ಮಕ್ಕಳು ಮನೆಯಿಂದಲೇ ಡಬ್ಬಿ ತಂದರು.

“ಮಾಡಿದ್ ಅನ್ನ ಹಂಗೇ ಉಳೀತು ಸಾರ್. ಕೆಲ್ಸ ಹೋಗಿದ್ರೂ ತಡ್ಕಂತಿದ್ದೆ, ಅದನ್ನ ತಡ್ಕಳಾಕಾಗ್ಲಿಲ್ಲ.”

ಕೇಳಿದ ನನಗೇ ಸಿಟ್ಟು ಬರುತ್ತದೆ. ಅವರು ಮಾತ್ರ ಅಜ್ಜಿಯನ್ನು ಬೈಯುವುದಿಲ್ಲ. ಈ ಸಲ ಬಿಳಿದಾರ ತಂದು, ಗಂಟನ್ನು ಅದೇ ಅಜ್ಜಿಯ ಕೈಲಿ ಹಾಕಿಸಿದ್ದಾರೆ. ಹರಳು ಕರಗಿದ್ದರೆ ಅಪಶಕುನವೆಂದು ಮತ್ತೆ ಗುಲ್ಲು, ಮತ್ತೆ ಡಬ್ಬಿ. ಇಂದು ಅಜ್ಜಿಯೂ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಒಳಗೆ ಕಾಲಿಟ್ಟಿಲ್ಲ.

ಸರ್ವಮಂಗಳ ಒಲೆ ಆರಿಸಿ, ಕೈ ಒರೆಸಿಕೊಂಡು ಬಟ್ಟೆ ಸರಿಸುತ್ತಾರೆ. ದಾರವನ್ನು ಮೆಲ್ಲಗೆ ಎತ್ತುತ್ತಾರೆ. ಹುಣಸೆಬೀಜದಷ್ಟು ದೊಡ್ಡ ಹರಳು, ಕೆತ್ತಿಟ್ಟಂಥ ಮೂಲೆಗಳೊಂದಿಗೆ ಮೇಲೆ ಬರುತ್ತದೆ.

“ಇದು ನಾನ್ ಕಟ್ಟಿದ್ದೇನವ್ವಾ?” ಅಜ್ಜಿ ಹೊಸಿಲು ದಾಟಿ ಹತ್ತಿರ ಬರುತ್ತಾರೆ.

“ನೀವೇ ಕಣಜ್ಜಿ.”

“ನಮ್ಮನೆ ಬಾಗ್ಲಿಗೆ ಕಟ್ಕಳ್ಳಾ? ದೃಷ್ಟಿ ಆಗಾಕಿಲ್ಲ.”

“ಮೊದ್ಲು ತುಮಕೂರು ನೋಡ್ಕಂಡ್ ಬರ್ಲಿ ಬುಡಿ!”

ಬಹುಮಾನದ ಆಸೆ ಇದೆಯೇ ಎಂದು ಸರ್ವಮಂಗಳ ಅವರನ್ನು ಕೇಳುತ್ತೇನೆ. ಅವರು ಬಾಯಿ ತೆರೆಯುವ ಮೊದಲೇ ಅಜ್ಜಿ ತಟ್ಟೆಯೊಂದನ್ನು ತೊಳೆದು ಮುಂದೆ ಹಿಡಿಯುತ್ತಾರೆ.

“ವಸಿ ಉಪ್ಪಿಟ್ಟು ಹಾಕವ್ವ.”

ಸರ್ವಮಂಗಳ ನನ್ನ ಪ್ರಶ್ನೆ ಮರೆತು, ಸೌಟು ತುಂಬ ಬಡಿಸುತ್ತಾರೆ.