ತಾಮ್ರದಮ್ಮನ ಇರುವೆಗಳು

ಆಕೆಯ ಎಡಗೈಯ ತೋರುಬೆರಳಿಗೆ ಉಗುರೇ ಇರಲಿಲ್ಲ; ಆಸಿಡ್ ತಿಂದುಹಾಕಿತ್ತು. ಎಂಬತ್ತರ ದಶಕದಲ್ಲಿ ಮೌಂಟನ್ ವ್ಯೂನಲ್ಲಿ ನಾವಿದ್ದ ನಮ್ಮ ಮಗಳ ಮನೆಯ ಪಕ್ಕದಲ್ಲಿದ್ದ ಆ ಅಮೆರಿಕದ ಮುದುಕಿಗೆ ನನ್ನ ಹೆಂಡತಿ ಇಟ್ಟ ಹೆಸರು ತಾಮ್ರದಮ್ಮ.

ತಾಮ್ರದ ತಗಡಿಗೆ ಕಪ್ಪು ಮೇಣ ಬಳಿದು, ಸೂಜಿಯಲ್ಲಿ ಮೇಣ ಗೀಚಿ ಹುಳುಗಳ ಚಿತ್ರ ಬಿಡಿಸಿ, ಆಸಿಡ್ಡಿಗೆ ಅದ್ದಿ, ಮಸಿ ತುಂಬಿ ಕಾಗದಕ್ಕೆ ಒತ್ತುವುದು ಆಕೆಯ ಕಸುಬು. ಮುನ್ನೂರು ವರ್ಷದ ಹಿಂದೆ ಯೂರೋಪಿನವರು ಹೀಗೇ ಮಾಡುತ್ತಿದ್ದರಂತೆ, ಇರುವೆ ಕಾಲಿನ ರೋಮವನ್ನೂ ಬಿಡದೆ. ಅವಳ ಗ್ಯಾರೇಜಿನ ಗೋಡೆ ತುಂಬ ಕಚ್ಚಾಟ, ಹರಿದಾಟ. "ಸುಮ್ನೆ ಕೂತಿರೋ ಹುಳ ಸುಳ್ಳು. ತಿನ್ಬೇಕು, ಇಲ್ಲ ತಿನ್ನಿಸ್ಕೋಬೇಕು" ಅನ್ನುತ್ತಿದ್ದಳೆಂದು ನನ್ನ ಮೊಮ್ಮಗಳು ಅರೆಬರೆ ಕನ್ನಡದಲ್ಲಿ ಹೇಳುತ್ತಿದ್ದಳು.

ಮುದುಕಿಗೆ ಕಣ್ಣು ಹೋಗುತ್ತಿತ್ತು. ಇದೇ ಕೊನೆಯ ತಗಡು ಅಂದಿದ್ದಳು. ನಮ್ಮ ಅಡುಗೆಮನೆಯಲ್ಲಿ ಇರುವೆಗಳು ಜೀವಂತ ಮಿಡತೆಯ ಕಾಲು ಕೀಳುತ್ತಿದ್ದುದನ್ನು ಕಂಡು, ಒಂದನ್ನೂ ಕೊಲ್ಲಬೇಡಿ ಎಂದು ಗದರಿಸಿ, ಬೆಳಗಿನಿಂದ ನೆಲಕ್ಕೆ ಮೂಗು ಹಚ್ಚಿ ಅದನ್ನೇ ಆ ತಗಡಿನ ಮೇಣದಲ್ಲಿ ಬಿಡಿಸಿದಳು. ತಗಡನ್ನು ಅಲ್ಲೇ ಇಟ್ಟು ಊಟಕ್ಕೆ ಹೋದಳು.

ಅವತ್ತು ಶುಕ್ರವಾರ. ನನ್ನ ಹೆಂಡತಿ ಪೂಜೆಯ ತಾಮ್ರದ ಚೊಂಬಿನ ಜೊತೆ ಆ ತಗಡನ್ನೂ ಹುಣಸೆಹಣ್ಣು, ಉಪ್ಪು, ಸ್ಟೀಲ್ ನಾರು ಹಾಕಿ ತಿಕ್ಕಿ, ಕುಂಕುಮವಿಟ್ಟು ದೇವರ ಮುಂದೆ ನಿಲ್ಲಿಸಿದಳು.

"ಕರ್ರಗಾಗಿತ್ತು ಕಣವ್ವ, ಬೆಳಗಿ ಮಡಗಿವ್ನಿ" ಅಂದಳು, ವಾಪಸು ಬಂದವಳಿಗೆ, ನಗುನಗುತ್ತಾ.

ತಾಮ್ರದಮ್ಮ ಏಟು ತಿಂದ ನಾಯಿಯ ಹಾಗೆ ಊಳಿಟ್ಟಳು. ಕೊಲ್ಲಬೇಡಿ ಎಂದಿದ್ದ ಇರುವೆಗಳನ್ನೇ ಬೂಟಿನಲ್ಲಿ ಹೊಸಕತೊಡಗಿದಳು. ಮೊಮ್ಮಗಳು ಓಡಿಬಂದು ಉಳಿದ ಇರುವೆಗಳ ಮೇಲೆ ಅಂಗೈ ಮುಚ್ಚಿದಳು. ಬೂಟು ಅದರ ಮೇಲೇ ಬಿತ್ತು. ಎಳೆ ಬೆರಳಿನ ಉಗುರು ಸೀಳಿ ರಕ್ತ ಚಿಮ್ಮಿತು. ಅಡಿಯಲ್ಲಿ ಇರುವೆಗಳು ಕಚ್ಚುತ್ತಿದ್ದವು. ಮಗು ಕೈ ತೆಗೆಯಲಿಲ್ಲ.

ಮುದುಕಿ ಅಲ್ಲೇ ಕುಸಿದಳು. ತಾನೇ ಮಗುವಿನ ಬೆರಳಿಗೆ ಬಟ್ಟೆ ಸುತ್ತಿದಳು. ಆಮೇಲೆ ಅದರ ಗಾಯವಾಗದ ಕೈಗೆ ಇನ್ನೊಂದು ಸೂಜಿ ಕೊಟ್ಟು, "ನನ್ ಕಣ್ಣು ಸಾಲ್ದು. ನೀನು ನೋಡಿ ಹೇಳು" ಅಂದಳಂತೆ.

ಅದೇ ತಗಡಿಗೆ ಮತ್ತೆ ಮೇಣ ಬಳಿದರು. ಮಗು ನೋಡಿ ಹೇಳಿತು, ಮುದುಕಿ ಕೊರೆದಳು. ಮುದುಕಿಗೆ ಕಾಣದ ಕಡೆ ಮಗುವೇ ಕೊರೆಯಿತು. ಚಿತ್ರ ಅಚ್ಚಾಗಿ ಸ್ವಲ್ಪ ದಿನಕ್ಕೆ ತಾಮ್ರದಮ್ಮ ತೀರಿಕೊಂಡಳು.

ನಿನ್ನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನನ್ನ ಮೊಮ್ಮಗಳ ಹುಳುಗಳ ಚಿತ್ರಗಳನ್ನು ನೋಡಲು ಜನವೋ ಜನ. ನಾಲ್ಕನೇ ಕ್ಲಾಸು ದಾಟದ ನನಗೆ ಎದೆಯಲ್ಲಿ ಹಿಡಿಸಲಾರದಷ್ಟು ಹಿಗ್ಗು. ಬಂದವರನ್ನೆಲ್ಲ ಎಳೆದುಕೊಂಡು ಹೋಗಿ ಬಾಗಿಲ ಬಳಿಯ ಹಳೆಯ ಅಚ್ಚನ್ನು ತೋರಿಸಿದೆ. ಅದರಲ್ಲಿ ಇರುವೆಗಳು ಮಿಡತೆಯ ಕಾಲು ಕೀಳುತ್ತಿವೆ. ಮೇಲೆ ಚಪ್ಪರದ ಹಾಗೆ ಒಂದು ಪುಟ್ಟ ಕೈ. ಉಗುರು ಸೀಳಿದೆ.